ಕಡಲಿಗೆ ಕಲ್ಲು ಹಾಕುತ್ತಿದ್ದವರು

ಎರ್ಲಾಂಗೆನ್ನಿನ ಆ ಮನೆಗೆ ನಾವು ಬಂದು ಎರಡು ವಾರ ಆಗಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಅರವತ್ತೈದು ದಾಟಿದ ಒಬ್ಬ ಚೀನೀ ಹೆಂಗಸು. ಗಿಡ್ಡ ಕೂದಲು, ಗಂಡಸರು ತೊಡುವಂಥ ದೊಗಲೆ ಸ್ವೆಟರ್, ಕಿವಿಯ ಸಂದಿಯಲ್ಲೊಂದು ಪೆನ್ಸಿಲ್. ಕುಕ್ಕರಿನ ಸೀಟಿಯ ಬಗ್ಗೆ ದೂರು ಹೇಳಲು ಬಂದಿದ್ದಾರೆಂದು ನಾನು ಮೊದಲೇ ಕ್ಷಮೆ ಕೇಳತೊಡಗಿದೆ. ಅವರು ಕೈ ಎತ್ತಿ ತಡೆದರು.

"ನಿನ್ನೆ ನಾಲ್ಕು ಸಲ ಕೂಗಿತು. ಇವತ್ತು ಮೂರೇ. ಯಾಕೆ?"

ನನ್ನ ಹೆಂಡತಿ ಶುಭಾ ಅಡುಗೆಮನೆಯಿಂದಲೇ, "ನಿನ್ನೆ ಬೇಳೆ ಇತ್ತು, ಇವತ್ತು ಬರೀ ಅನ್ನ ಅಂತ ಹೇಳು" ಎಂದಳು. ಹೇಳಿದೆ. ಅವರು ಪೆನ್ಸಿಲ್ ತೆಗೆದು ಅಂಗೈಯಗಲದ ಪುಸ್ತಕದಲ್ಲಿ ಅದನ್ನು ಬರೆದುಕೊಂಡರು. "ಕೊನೇ ಸೀಟಿ ಮೊದಲಿನವಕ್ಕಿಂತ ಸ್ವಲ್ಪ ಕೆಳಗಿಳಿಯುತ್ತೆ, ಗಮನಿಸಿದೀರಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಮೆಟ್ಟಿಲು ಹತ್ತಿ ಹೋದರು.

ಅವರು ನಮ್ಮ ನೆತ್ತಿಯ ಮೇಲಿನ ಮನೆಯವರು. ಅವರೂ ನಾನೂ ಜರ್ಮನ್‌ನಲ್ಲಿ ಮಾತಾಡುತ್ತಿದ್ದೆವು, ನಾನು ತಡವರಿಸಿದಲ್ಲಿ ಇಂಗ್ಲಿಷ್ ನುಸುಳುತ್ತಿತ್ತು. ಈಗ ನೆನೆದರೆ ಮಾತ್ರ ಅವರು ನನ್ನ ಜೊತೆ ಕನ್ನಡದಲ್ಲೇ ಮಾತಾಡುತ್ತಿದ್ದರು ಅನ್ನಿಸುತ್ತದೆ.

ನಲವತ್ತು ವರ್ಷಗಳ ಹಿಂದೆ ಚೀನಾದ ಕಡಲ ತೀರದ ಊರೊಂದರಿಂದ ಸಂಗೀತ ಕಲಿಯಲು ಬಂದು ಇಲ್ಲೇ ಉಳಿದವರು. ಸಂಗೀತಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಸಂಗೀತ ರಚಿಸುತ್ತಿದ್ದರು. ಅದು ನನ್ನಂಥವನ ಕಿವಿಗೆ ಸಂಗೀತವೆಂದು ಹೊಳೆಯುವಂಥದ್ದಲ್ಲ. ಮೈಸೂರಿನಲ್ಲಿ ಶ್ರುತಿಪೆಟ್ಟಿಗೆ ಕೇಳುತ್ತ ಬೆಳೆದ ನನಗೆ ರಾಗ ಬೇಕು, ತಾಳ ಬೇಕು. ಅವರ ಸಂಗೀತದಲ್ಲಿ ಪಿಟೀಲಿನ ಕಮಾನು ತಂತಿಯನ್ನು ಮುಟ್ಟಿಯೂ ಮುಟ್ಟದಂತೆ ಜಾರುತ್ತಿತ್ತು, ಕೊಳಲಿನಲ್ಲಿ ಸ್ವರಕ್ಕಿಂತ ಉಸಿರೇ ಹೆಚ್ಚು. ನಡುವೆ ಯಾರೋ ಹಳೆಯ ಚೀನೀ ಕವಿತೆಯೊಂದರ ಪದವನ್ನು ಪಿಸುಗುಡುತ್ತಿದ್ದರು.

"ನಮ್ಮ ಹಳೇ ಕವಿತೆಗಳಲ್ಲಿ ಕ್ರಿಯಾಪದ ಇರುತ್ತೆ, ಮಾಡಿದೋರು ಯಾರು ಅಂತ ಇರೋದಿಲ್ಲ" ಎಂದು ಒಮ್ಮೆ ವಿವರಿಸಿದರು. "ಬೆಟ್ಟ ನೋಡುವುದು. ದಾರಿ ತಪ್ಪುವುದು. ನೋಡಿದ್ದು ಯಾರು, ತಪ್ಪಿದ್ದು ಯಾರು, ಕೇಳಬಾರದು. ನಿಮ್ಮ ಭಾಷೇಲಿ ಹಾಗೆ ಬರೀಬಹುದಾ?"

ಯೋಚಿಸಿ ಹೇಳಿದೆ. ನಮ್ಮಲ್ಲಿ 'ನಾನು' ಎನ್ನುವುದನ್ನು ಬಿಡಬಹುದು, ಆದರೆ 'ಬಂದೆ' ಎಂದರೆ ಬಂದವನು ನಾನೇ ಎಂದು ಕ್ರಿಯಾಪದವೇ ಹೇಳಿಬಿಡುತ್ತದೆ.

ಅವರಿಗೆ ನಗು ಬಂತು. "ಹಾಗಾದ್ರೆ ನಿಮ್ಮ ಭಾಷೇಲಿ ಬಚ್ಚಿಟ್ಟುಕೊಳ್ಳೋಕೆ ಜಾಗ ಇಲ್ಲ."

ನನ್ನ ಮಗಳು ಮಿಹಿಕಾಗೆ ಆಗ ನಾಲ್ಕು ವರ್ಷ. ಅವಳು ಅವರನ್ನು 'ಓಮಾ ಓಬೆನ್' ಎನ್ನುತ್ತಿದ್ದಳು, ಮೇಲಿನಜ್ಜಿ. ಅವರು ಸೈಕಲ್ಲಿನಲ್ಲಿ ರೆಗ್ನಿಟ್ಸ್ ನದಿಯ ದಂಡೆಗೆ ಹೋಗಿ ಬುಟ್ಟಿ ತುಂಬ ಬೆಣಚುಕಲ್ಲು ತರುತ್ತಿದ್ದರು. ಎರಡೆರಡು ಕಲ್ಲನ್ನು ಕಿವಿಯ ಹತ್ತಿರ ಹಿಡಿದು ತಟ್ಟಿ, ಬೇಡವಾದ್ದನ್ನು ಮಿಹಿಕಾಗೆ ಕೊಡುತ್ತಿದ್ದರು. ಅವರ ಮನೆಯಲ್ಲಿ ಸೋಫಾ ಇರಲಿಲ್ಲ. ಬೋಗುಣಿಗಳಿದ್ದವು. ಹಿತ್ತಾಳೆಯವು, ಪಿಂಗಾಣಿಯವು, ಮರದವು, ಎಲ್ಲದರಲ್ಲೂ ನೀರು.

ಕಲ್ಲು ಯಾಕೆ ಎಂದು ಮಿಹಿಕಾ ಕೇಳಿದಾಗ ಅವರು ಕತೆ ಹೇಳಿದ್ದರು. ಬಹಳ ಹಿಂದೆ ಒಬ್ಬ ರಾಜನ ಮಗಳು ಸಮುದ್ರದಲ್ಲಿ ಆಡುತ್ತ ಮುಳುಗಿಹೋದಳಂತೆ. ಸತ್ತವಳು ಹಕ್ಕಿಯಾದಳಂತೆ. ಇನ್ನು ಯಾರ ಮಗುವೂ ಮುಳುಗಬಾರದೆಂದು ದಿನವೂ ದೂರದ ಬೆಟ್ಟದಿಂದ ಕೊಕ್ಕಿನಲ್ಲಿ ಒಂದು ಕಲ್ಲು, ಒಂದು ಕಡ್ಡಿ ತಂದು ಸಮುದ್ರಕ್ಕೆ ಹಾಕುತ್ತಾಳಂತೆ. ಸಮುದ್ರ ನಗುತ್ತದೆ, ಅವಳು ಮತ್ತೆ ಹಾರುತ್ತಾಳೆ.

"ಉಂಟ್? ಇಸ್ಟ್ ಎಸ್ ಫೋಲ್?" ಎಂದಳು ಮಗಳು. ತುಂಬಿತಾ ಅಂತ.

"ಇನ್ನೂ ಇಲ್ಲ. ಅದಕ್ಕೇ ನಾನೂ ಕೈ ಹಾಕಿದೀನಿ" ಎಂದರು.

ಆ ಹಕ್ಕಿಯ ಕತೆಯನ್ನೇ ಅವರು ಸಂಗೀತ ಮಾಡುತ್ತಿದ್ದರು. ಏಳು ವಾದ್ಯ, ಒಬ್ಬ ಹಾಡುಗಾರ್ತಿ, ನೀರು ಮತ್ತು ಕಲ್ಲು. ಎರಡು ಭಾಗಗಳ ಒಂದು ದೊಡ್ಡ ಕೃತಿ.

ಆ ವರ್ಷ ನಮಗೆ ಎರಡನೇ ಮಗು ಹುಟ್ಟಿತು. ಹಗಲು ಹೊತ್ತು ಮಾತ್ರ ಕಣ್ಣುಮುಚ್ಚುವ ಮಗು. ಊಟವಾದ ಮೇಲೆ ಅದನ್ನು ಮಲಗಿಸಿ ಶುಭಾ ಪಕ್ಕದಲ್ಲೇ ಒರಗುವ ಹೊತ್ತಿಗೆ ಸರಿಯಾಗಿ ಮೇಲೆ ಶುರುವಾಗುತ್ತಿತ್ತು. ಟಳಕ್. ಎಂಟು ಸೆಕೆಂಡು ಬಿಟ್ಟು ಮತ್ತೆ ಟಳಕ್. ಬಳಿಕ ಕಲ್ಲಿಗೆ ಕಲ್ಲು ಉಜ್ಜುವುದು, ಬೋಗುಣಿಯನ್ನು ನೆಲದ ಮೇಲೆ ತಿರುಗಿಸುವುದು. ಹಳೆಯ ಕಟ್ಟಡದ ಮರದ ನೆಲ, ಸದ್ದೆಲ್ಲ ಸೋಸದೆ ಕೆಳಗಿಳಿಯುತ್ತಿತ್ತು. ಮಗು ಬೆಚ್ಚಿ ಅಳುತ್ತಿತ್ತು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ನನಗೆ ಆ ಹೊತ್ತಿಗೇ ಕಸ್ಟಮರ್ ಮೀಟಿಂಗು.

"ಹೋಗಿ ಒಂದ್ ಮಾತು ಹೇಳು. ಮಧ್ಯಾಹ್ನ ಎರಡು ಗಂಟೆ ಕಾಲ ಬಿಟ್ಟು ಮಾಡಿ ಅಂದ್ರೆ ಕೇಳ್ತಾರೆ, ಒಳ್ಳೇವ್ರು ಪಾಪ" ಎಂದಳು ಶುಭಾ.

"ಹೇಳ್ತೀನಿ."

ಹೇಳಲಿಲ್ಲ. ಮೂರು ಸಲ ಮೆಟ್ಟಿಲಿನಲ್ಲಿ ಎದುರಾದರು, ಮೂರು ಸಲವೂ ಹವಾಮಾನದ ಬಗ್ಗೆ ಮಾತಾಡಿ ಬಂದೆ. ನಮ್ಮ ಕುಕ್ಕರನ್ನು ಪ್ರೀತಿಯಿಂದ ಕೇಳಿಸಿಕೊಂಡವರ ಮುಂದೆ ನಿಂತು, ನಿಮ್ಮ ಸದ್ದು ನನಗೆ ಹಿಂಸೆ ಎನ್ನಲು ನಾಲಿಗೆ ಏಳಲಿಲ್ಲ. ಅದನ್ನು ನಾನು ಆಗ ಸಂಕೋಚ ಎಂದುಕೊಂಡೆ.

ಮೊದಲ ಮಹಡಿಯಲ್ಲಿ ಒಬ್ಬ ನಿವೃತ್ತ ಮೇಷ್ಟರಿದ್ದರು. ಕಸದ ಡಬ್ಬಿ, ಸೈಕಲ್ಲು, ಮಕ್ಕಳ ಗಾಡಿ ಎಲ್ಲದರ ಮೇಲೂ ದೂರು ಬರೆದು ಕಟ್ಟಡ ನೋಡಿಕೊಳ್ಳುವ 'ಹೌಸ್‌ಫೆರ್ವಾಲ್ಟುಂಗ್'ನವರಿಗೆ ಬೇಸರ ತರಿಸಿದ್ದವರು. ಒಂದು ದಿನ ಅಂಚೆಪೆಟ್ಟಿಗೆಯ ಹತ್ತಿರ ನನ್ನನ್ನು ನಿಲ್ಲಿಸಿದರು. "ನನ್ನ ಮಾತನ್ನು ಅವರು ಕಿವಿಗೇ ಹಾಕಿಕೊಳ್ಳೋದಿಲ್ಲ. ನೀವು ಇಂಜಿನಿಯರ್, ಮನೆಯಲ್ಲಿ ಕೂಸಿದೆ. ನೀವೊಂದು ಲೇರ್ಮ್‌ಪ್ರೊಟೊಕೋಲ್ ಬರೆದುಕೊಡಿ. ಯಾವ ಹೊತ್ತು, ಎಂಥ ಸದ್ದು, ಎಷ್ಟು ಹೊತ್ತು. ಅಷ್ಟೇ."

ಸದ್ದಿನ ದಿನಚರಿ. ಅದು ನನಗೆ ಹೇಳಿ ಮಾಡಿಸಿದ ಕೆಲಸ. ಕಾರಿನ ಎಲೆಕ್ಟ್ರಾನಿಕ್ಸ್‌ನಲ್ಲಿ ದೋಷ ಹುಡುಕಿ ದಾಖಲಿಸುವುದೇ ನನ್ನ ಹೊಟ್ಟೆಪಾಡು. ಹತ್ತೊಂಬತ್ತು ದಿನ ಬರೆದೆ. ಕಟ್ಟಡದ ನಿಯಮದಂತೆ ಪಾಲಿಸಬೇಕಾದ ಮಧ್ಯಾಹ್ನದ ವಿಶ್ರಾಂತಿಯ ವೇಳೆಯನ್ನು ಪಕ್ಕದಲ್ಲೇ ಗುರುತು ಹಾಕಿದೆ. ನಿಜ ಹೇಳಬೇಕೆಂದರೆ, ಮೂರನೇ ದಿನದಿಂದ ನನಗೆ ಅದರಲ್ಲಿ ರುಚಿ ಹತ್ತಿತು. ಎಂಥ ಸದ್ದು ಎಂದು ಬರೆಯಲು ಜರ್ಮನ್ ಪದಕ್ಕಾಗಿ ನಿಘಂಟು ತಿರುವಿಹಾಕಿದೆ. ಮೇಲೆ ಅವರು ಏನು ಮಾಡುತ್ತಿದ್ದಾರೆಂದು ಕಣ್ಣುಮುಚ್ಚಿ ಕೇಳಿದೆ.

ಹೌಸ್‌ಫೆರ್ವಾಲ್ಟುಂಗ್‌ನವರಿಗೆ ಕಳಿಸುವಾಗ, ನನ್ನ ಹೆಸರು ಹೊರಗೆ ಬರಬಾರದು ಎಂದು ಒಂದು ಸಾಲು ಸೇರಿಸಿದೆ. ಕಳಿಸಿದ ಮೇಲಷ್ಟೇ ಶುಭಾಗೆ ಹೇಳಿದೆ.

"ಮೇಲೆ ಹೋಗೋಕೆ ಹದಿನೆಂಟು ಮೆಟ್ಲು ಕಣೋ" ಎಂದಳು.

ಎರಡು ವಾರದಲ್ಲಿ ಅವರಿಗೆ ಎಚ್ಚರಿಕೆ ಪತ್ರ ಹೋಯಿತು. ಮನೆಯಲ್ಲಿ ವಾದ್ಯ, ಕಲ್ಲು, ಬೋಗುಣಿ ಯಾವುದನ್ನೂ ನುಡಿಸಕೂಡದು, ಮುಂದುವರಿದರೆ ಮನೆ ಬಿಡಬೇಕಾದೀತು. ನಾನು ಕೇಳಿದ್ದು ಎರಡು ಗಂಟೆಯ ಮೌನ, ಸಿಕ್ಕಿದ್ದು ಇಡೀ ದಿನದ್ದು. ಬೇಡ, ಅಷ್ಟು ಬೇಕಾಗಿಲ್ಲ ಎಂದು ಮರುದಿನವೇ ನಾನು ಬರೆಯಬಹುದಿತ್ತು. ಬರೆಯಲಿಲ್ಲ. ಮಗು ಮಲಗುತ್ತಿತ್ತು.

ಅದೇ ವಾರ ಅವರು ಮೆಟ್ಟಿಲಿನಲ್ಲಿ ಸಿಕ್ಕರು. ಕೈಯಲ್ಲಿ ಖಾಲಿ ಬುಟ್ಟಿ. ಕಲ್ಲುಗಳನ್ನು ಕೆಳಗಿನ ನೆಲಮಾಳಿಗೆಯಲ್ಲಿಟ್ಟು ಬರುತ್ತಿದ್ದರು.

"ಯಾರೋ ದೂರು ಕೊಟ್ಟಿದಾರೆ" ಎಂದರು. "ನಿಮ್ಮ ಮನೇಲಿ ಕೂಸಿದೆ. ನಿಮಗೇನಾದ್ರೂ ತೊಂದರೆ ಆಗಿತ್ತಾ?"

"ಛೆ ಛೆ, ನಮಗೇನಿಲ್ಲ" ಎಂದೆ. "ನಮಗೆ ಕೇಳಿಸ್ತಾನೇ ಇರಲಿಲ್ಲ."

ಅವರು ನನ್ನನ್ನು ಒಂದು ಕ್ಷಣ ಹೆಚ್ಚಾಗಿಯೇ ನೋಡಿದರು. ಆಮೇಲೆ, "ಸರಿ" ಎಂದು ಮೇಲೆ ಹೋದರು.

ಅಲ್ಲಿಂದ ಮುಂದೆ ಅವರ ಹಳೆಯ ಶಿಷ್ಯೆಯೊಬ್ಬಳು ಸಂಗೀತಶಾಲೆಯಲ್ಲಿ ವಾರಕ್ಕೆ ಎರಡು ದಿನ ಬೆಳಗ್ಗೆ ಒಂದು ಕೋಣೆ ಕೊಡಿಸಿದಳು. ಚಳಿಗಾಲಕ್ಕೆ ಅದೂ ನಿಂತಿತು. ಅವರು ಮೇಜಿನ ಮುಂದೆ ಕೂತು, ಯಾವುದನ್ನೂ ಮುಟ್ಟಿ ಕೇಳದೆ, ಬರೆಯತೊಡಗಿದರು. ಮಿಹಿಕಾಳನ್ನು ಕರೆಯುವುದು ಬಿಡಲಿಲ್ಲ. ಶುಭಾ ಕೊಟ್ಟ ಚಿತ್ರಾನ್ನದ ಡಬ್ಬಿಯನ್ನು ಯಾವತ್ತೂ ಖಾಲಿ ಹಿಂತಿರುಗಿಸಲಿಲ್ಲ, ಎಳ್ಳಿನ ಬಿಸ್ಕತ್ತು ತುಂಬಿ ಕಳಿಸುತ್ತಿದ್ದರು. ನಾನು ಬಿಸ್ಕತ್ತು ತಿನ್ನುತ್ತಿರಲಿಲ್ಲ.

ಮುಂದಿನ ವರ್ಷ ನ್ಯೂರ್ನ್‌ಬೆರ್ಗ್‌ನ ಹಳೆಯ ಚರ್ಚೊಂದರಲ್ಲಿ ಆ ಕೃತಿಯ ಮೊದಲ ಪ್ರದರ್ಶನವಾಯಿತು. ನಮಗೆ ಮುಂದಿನ ಸಾಲಿನಲ್ಲೇ ಜಾಗ ಇಡಿಸಿದ್ದರು. ಭಾನುವಾರ ಮಧ್ಯಾಹ್ನ, ಎತ್ತರದ ಕಿಟಕಿಗಳಿಂದ ಬಿಸಿಲು. ವಾದಕರು ಕೂತರು. ಹಾಡುಗಾರ್ತಿ ಒಂದು ಕಾಗದ ಹಿಡಿದು, ಹಾಡುವ ಬದಲು ಸಮಾಚಾರ ಓದುವವರ ಹಾಗೆ ಓದತೊಡಗಿದಳು.

"ಹದಿಮೂರು ಗಂಟೆ ಐದು ನಿಮಿಷ. ಕಲ್ಲುಗಳನ್ನು ಒಂದೊಂದಾಗಿ ನೀರಿಗೆ ಬಿಡುವುದು ಕೇಳಿಬರುತ್ತದೆ. ನಡುವೆ ಸುಮಾರು ಎಂಟು ಸೆಕೆಂಡು."

ಹಿಂದೆಯೇ ಟಳಕ್ ಎಂದು ಕಲ್ಲು ಬಿತ್ತು. ಎಂಟು ಸೆಕೆಂಡು. ಇನ್ನೊಂದು.

"ಹದಿಮೂರು ಐವತ್ತು. ಪಾತ್ರೆಯಲ್ಲಿ ಅಕ್ಕಿ ತೊಳೆಯುವಂಥ ಸದ್ದು. ಎರಡು ನೀರು, ಆಮೇಲೆ ಮೂರನೆಯದು ನಿಧಾನ."

ಪಿಟೀಲುಗಳು ಅಕ್ಕಿ ತೊಳೆದವು.

"ಹದಿನಾಲ್ಕು ಮೂವತ್ತೈದು. ಸದ್ದಿಲ್ಲ. ಆದರೆ ಅದು ಮತ್ತೆ ಶುರುವಾಗುತ್ತದೆ."

ಇಡೀ ಚರ್ಚು ಉಸಿರು ಹಿಡಿದು ಆ ಮೌನವನ್ನು ಕೇಳಿತು. ಅದು ನನ್ನ ವಾಕ್ಯ. ಹತ್ತೊಂಬತ್ತು ದಿನ ನಾನು ಬರೆದ ದೂರು, ಹೌಸ್‌ಫೆರ್ವಾಲ್ಟುಂಗ್‌ನವರು ಹೆಸರು ಅಳಿಸಿ ಅವರಿಗೆ ಕಳಿಸಿದ್ದ ಪ್ರತಿ, ಸಮುದ್ರ ಆ ಹಕ್ಕಿಯನ್ನು ನೋಡುತ್ತ ಇಟ್ಟ ಲೆಕ್ಕದಂತೆ ಅಲ್ಲಿ ಕೇಳುತ್ತಿತ್ತು. ಶುಭಾ ನನ್ನ ಕೈಯೊಳಗಿದ್ದ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು. ಕಾರ್ಯಕ್ರಮದ ಹಾಳೆಯ ಕೊನೆಯಲ್ಲಿ ಒಂದು ಸಾಲು ಅಚ್ಚಾಗಿತ್ತು: 'ನನ್ನ ಕಟ್ಟಡದಲ್ಲಿ, ನನ್ನನ್ನು ಇಷ್ಟು ಗಮನವಿಟ್ಟು ಕೇಳಿದ ಅಪರಿಚಿತರಿಗೆ.'

ಎರಡನೇ ಭಾಗ ನನ್ನ ತಲೆಗೆ ಹೋಗಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹದಿನೆಂಟು ಮೆಟ್ಟಿಲು ಹತ್ತಲು ನನಗೆ ಅದಾದ ಮೇಲೂ ಹತ್ತು ದಿನ ಬೇಕಾಯಿತು. ಬಾಗಿಲು ತಟ್ಟಿದೆ, ತೆರೆಯಲಿಲ್ಲ. ಕರೆಗಂಟೆ ಒತ್ತಿದೆ, ಇಲ್ಲ. ತಳ್ಳಿದರೆ ತೆರೆದೇ ಇತ್ತು. ಅವರು ಬೆನ್ನು ತಿರುಗಿಸಿ ಕೂತಿದ್ದರು. ನಾನು ಎದುರಿಗೆ ಹೋಗಿ ನಿಂತ ಮೇಲಷ್ಟೇ ತಲೆ ಎತ್ತಿದರು.

"ಜೋರಾಗಿ ಮಾತಾಡಬೇಕು" ಎಂದು ಕಿವಿ ತೋರಿಸಿದರು.

ಎಂಥ ಶಿಕ್ಷೆ! ಪಿಸುಗುಟ್ಟಿ ಮುಗಿಸೋಣವೆಂದು ಬಂದವನು ಕೂಗಿ ಹೇಳಬೇಕಾಯಿತು. "ಆ ದೂರು ಬರೆದದ್ದು ನಾನು."

"ಗೊತ್ತು."

"ಯಾವಾಗಿಂದ?"

"ಓದಿದ ದಿನದಿಂದ. ಅಕ್ಕಿ ತೊಳೆದ ಹಾಗೆ ಅಂತ ಇತ್ತು. ಎರಡು ನೀರು, ಮೂರನೆಯದು ನಿಧಾನ. ಈ ಕಟ್ಟಡದಲ್ಲಿ ಹಾಗೆ ಅಕ್ಕಿ ತೊಳೆಯೋದು ಎರಡೇ ಮನೆ. ಒಂದು ನನ್ನದು."

ಮೆಟ್ಟಿಲಿನಲ್ಲಿ ನನ್ನನ್ನು ಕೇಳಿದಾಗ ಅವರಿಗೆ ಗೊತ್ತಿತ್ತು. ಪ್ರತಿ ಸಲ ಡಬ್ಬಿಗೆ ಬಿಸ್ಕತ್ತು ತುಂಬುವಾಗ ಗೊತ್ತಿತ್ತು. "ಮತ್ತೆ ಯಾಕೆ ಕೇಳಲಿಲ್ಲ?" ಎಂದೆ.

"ಕೇಳಿದೆನಲ್ಲ. ಕೇಳಿಸ್ತಾನೇ ಇರಲಿಲ್ಲ ಅಂತ ನೀನಂದೆ." ಇಷ್ಟು ದಿನ ನನ್ನನ್ನು 'ನೀವು' ಎನ್ನುತ್ತಿದ್ದವರು ಆ ದಿನ 'ಡು' ಎಂದರು, ನೀನು. ಈ ದೇಶದಲ್ಲಿ ಹಿರಿಯರು ಹಾಗೆ ಕರೆದರೆ ಸಲಿಗೆ ಕೊಟ್ಟಂತೆ. ಅವರ ದನಿಯಲ್ಲಿ ಸಲಿಗೆ ಇರಲಿಲ್ಲ.

ನಾನು ಕ್ಷಮಿಸಿ ಎಂದೆ. ಕೃತಿ ಅದ್ಭುತವಾಗಿತ್ತು, ಜನ ಎದ್ದು ನಿಂತರು, ಎಂದೆಲ್ಲ ಸೇರಿಸಿದೆ.

"ಮೊದಲನೇ ಭಾಗ ಚೆನ್ನಾಗಿದೆ. ಅದರಲ್ಲಿ ನಿನ್ನ ಪಾಲೂ ಇದೆ" ಎಂದರು. "ಎರಡನೆಯದು ಚೆನ್ನಾಗಿಲ್ಲ. ಅದನ್ನು ನಾನು ಕೇಳದೆ ಬರೆದೆ. ನನ್ನ ಕಿವಿ ಹೋಗ್ತಾ ಇದೆ, ಒಂದು ವರ್ಷ ಉಳಿದಿದೆ ಅಂತ ಡಾಕ್ಟರ್ ಹೇಳಿದ್ರು. ಅದಕ್ಕೇ ಮಧ್ಯಾಹ್ನ ಕೂಡ ಬಿಡದೆ ಮಾಡ್ತಿದ್ದೆ. ನೀನು ನಿಲ್ಲಿಸಿದ್ದು ಆ ವರ್ಷ."

ನನಗೆ ಕೂರಲು ಅಲ್ಲಿ ಕುರ್ಚಿ ಇರಲಿಲ್ಲ. ಬೋಗುಣಿಗಳ ನಡುವೆ ನೆಲದ ಮೇಲೆ ಕೂತೆ. ಒಬ್ಬರ ಕೆಲಸಕ್ಕೆ ಕಲ್ಲು ಹಾಕುವುದು ಎಂದು ನಾವು ಎಷ್ಟು ಸುಲಭವಾಗಿ ಹೇಳುತ್ತೇವೆ. ಅವತ್ತು ಆ ಕಲ್ಲಿನ ತೂಕ ಗೊತ್ತಾಯಿತು.

"ಅಳಬೇಡ, ನನಗೆ ಅದೂ ಕೇಳಿಸಲ್ಲ" ಎಂದರು. "ಶನಿವಾರ ಬಿಡುವಿದೆಯಾ?"

ಹಾಗೆ ನಮ್ಮ ಶನಿವಾರಗಳು ಶುರುವಾದವು. ಎರಡನೇ ಭಾಗದ ಧ್ವನಿಮುದ್ರಣವನ್ನು ನಾನು ಹೆಡ್‌ಫೋನ್ ಹಾಕಿಕೊಂಡು, ಸ್ವರಲಿಪಿಯ ಪುಟ ತಿರುವುತ್ತ ಕೇಳುವುದು, ಕೇಳಿದ್ದನ್ನು ಬರೆದುಕೊಡುವುದು. ಅವರು ಓದಿ, ತಮ್ಮ ಮನಸ್ಸಿನಲ್ಲಿದ್ದುದಕ್ಕೂ ನನಗೆ ಕೇಳಿಸಿದ್ದಕ್ಕೂ ಎಲ್ಲಿ ತಾಳೆಯಾಗಿಲ್ಲವೋ ಅಲ್ಲಿ ಸ್ವರ ಅಳಿಸಿ ತಿದ್ದುವುದು. ಮೊದಲ ವಾರ ನಾನು 'ಬೆಳಗಿನ ಕಡಲಿನಂತೆ ಸುಂದರ' ಎಂದೇನೋ ಬರೆದಿದ್ದೆ. ಕಾಗದವನ್ನು ನನ್ನತ್ತ ತಳ್ಳಿದರು.

"ಇದು ಹೊಗಳಿಕೆ. ದೂರು ಬರೆದ ಹಾಗೆ ಬರಿ."

ಬರೆದೆ. 'ನಾಲ್ಕನೇ ಪುಟ. ಕೊಳಲು ಬರುವ ಹೊತ್ತಿಗೆ ಕಲ್ಲು ಮುಚ್ಚಿಹೋಗುತ್ತದೆ. ಏಳನೇ ಪುಟ. ಹಕ್ಕಿ ಎಲ್ಲಿಗೆ ಹೋಯಿತೆಂದು ತಿಳಿಯುವುದಿಲ್ಲ.' ಓದಿ, "ಹಾಂ, ಇಲ್ಲಿ. ಇಲ್ಲೇ ಅಂತ ನನಗೂ ಅನುಮಾನ ಇತ್ತು" ಎಂದು ಕಿವಿಯ ಸಂದಿಯಿಂದ ಪೆನ್ಸಿಲ್ ತೆಗೆಯುತ್ತಿದ್ದರು. ಕ್ಷಮಿಸಿದೆ ಎಂದು ಅವರು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮೂವತ್ತೊಂದು ಪುಟದಲ್ಲಿ ಹದಿನೇಳು ಮುಗಿದವು.

ಆಗ ಕಂಪನಿಯವರು ಮೂರು ವಾರಕ್ಕೆ ವೋಲ್ಫ್ಸ್‌ಬುರ್ಗ್‌ಗೆ ಕಳಿಸಿದರು. ಹೊರಡುವ ಮುಂಚೆ ಹೇಳಲು ಹೋದೆ. "ಶನಿವಾರ ಬರ್ತೀಯಾ?" ಎಂದರು. ಬರುತ್ತೇನೆ ಎಂದೆ.

ಮೊದಲ ಶನಿವಾರ ನಿಜಕ್ಕೂ ಕೆಲಸವಿತ್ತು. ಎರಡನೆಯದಕ್ಕೆ ಇರಲಿಲ್ಲ, ರೈಲೂ ಇತ್ತು. ಜೊತೆಯಲ್ಲಿದ್ದ ದಾವಣಗೆರೆಯ ಇಮ್ರಾನ್, "ಲೇ ಮಗಾ, ಎರಡು ದಿನಕ್ಕೆ ಅಷ್ಟ್ ದೂರ ಯಾಕೆ ಸಾಯ್ತೀಯ? ಇಲ್ಲೇ ಇರು, ಎಲ್ಲಾ ಸೇರಿ ಗ್ರಿಲ್ ಮಾಡಣ" ಎಂದ. ಅವನಿಗೇನು ಗೊತ್ತು, ಅವನ ತಪ್ಪಿಲ್ಲ. ಉಳಿದುಕೊಂಡೆ. ಬರಲಾಗುವುದಿಲ್ಲ ಎಂದು ಶುಭಾಳಿಂದ ಹೇಳಿಕಳಿಸಿದೆ.

ಮಂಗಳವಾರ ಬೆಳಗ್ಗೆ ಶುಭಾ ಫೋನ್ ಮಾಡಿದಳು. ಅವರು ಅಡುಗೆಮನೆಯಲ್ಲಿ ಕುಸಿದುಬಿದ್ದಿದ್ದರು. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಶನಿವಾರ ನೀನು ಬರಲ್ಲ ಅಂತ ಹೇಳೋಕೆ ಮೇಲೆ ಹೋಗಿದ್ದೆ. ಹದಿನೆಂಟನೇ ಪುಟ ತೆಗೆದು ಮೇಜಿನ ಮೇಲೆ ಇಟ್ಕೊಂಡಿದ್ರು. ಹಾಗೇ ಮುಚ್ಚಿಟ್ರು" ಎಂದಳು.

ಈ ಮಾರ್ಚಿನಲ್ಲಿ ಅವರ ನೆನಪಿಗೆ ಸಂಗೀತಶಾಲೆಯಲ್ಲಿ ಆ ಕೃತಿಯನ್ನು ಮತ್ತೆ ನುಡಿಸಿದರು. ಏರ್ಪಾಡೆಲ್ಲ ಹಳೆಯ ಶಿಷ್ಯೆಯದು. ಎರಡನೇ ಭಾಗ ಶುರುವಾದಾಗ ನಾನು ಪುಟ ಎಣಿಸುತ್ತ ಕೂತೆ. ಕೊಳಲಿನ ಕೆಳಗೆ ಕಲ್ಲು ಈಗ ಸ್ಪಷ್ಟವಾಗಿ ಕೇಳುತ್ತಿತ್ತು. ಹಕ್ಕಿ ಎಲ್ಲಿ ಹೋಯಿತೆಂದು ಗೊತ್ತಾಗುತ್ತಿತ್ತು. ಹಾಡುಗಾರ್ತಿ ಉಸಿರು ಬಿಗಿಹಿಡಿದು ನಿಂತಳು, ನೀರು ಒಂದೇ ಸಮ ಉಬ್ಬಿತು, ನನ್ನ ಪಕ್ಕದ ಮುದುಕರೊಬ್ಬರು ಕೂತಲ್ಲೇ ಮುಂದಕ್ಕೆ ಬಾಗಿದರು. ಆಮೇಲೆ ಅದು ಸಡಿಲವಾಯಿತು. ಎಲ್ಲ ವಾದ್ಯಗಳೂ ನುಡಿಯುತ್ತಲೇ ಇದ್ದವು, ಯಾರೂ ತಪ್ಪಲಿಲ್ಲ, ಆದರೆ ಹಕ್ಕಿ ಇರಲಿಲ್ಲ. ಮುದುಕರು ಮತ್ತೆ ಹಿಂದಕ್ಕೊರಗಿದರು. ಎಲ್ಲಿ ಹಾಗಾಯಿತೆಂದು ಅವರಿಗೆ ಗೊತ್ತಿರಲಾರದು.

ಮುಗಿದ ಮೇಲೆ ಶಿಷ್ಯೆ ಹೂಗುಚ್ಛ ಹಿಡಿದು ನನ್ನ ಹತ್ತಿರ ಬಂದಳು. ನಾನು ಅವರ ಪಕ್ಕದಲ್ಲಿ ಕೂತು ಸಹಾಯ ಮಾಡುತ್ತಿದ್ದ ಒಳ್ಳೆಯ ನೆರೆಯವನೆಂದಷ್ಟೇ ಅವಳಿಗೆ ತಿಳಿದಿತ್ತು. ಕಣ್ಣು ಒದ್ದೆಯಾಗಿತ್ತು.

"ಹೇಗಿತ್ತು?"

"ಹದಿನೇಳನೇ ಪುಟದವರೆಗೆ ತುಂಬ ಚೆನ್ನಾಗಿತ್ತು" ಎಂದೆ.

"ಆಮೇಲೆ?"

"ಆಮೇಲಿನದು ಅವರು ಕೇಳಿ ಬರೆದದ್ದಲ್ಲ. ಕೇಳೋದನ್ನ ನಿಲ್ಲಿಸಿದ್ದು ನಾನು."

ಅವಳು ಹೂಗುಚ್ಛವನ್ನು ಖಾಲಿ ಕುರ್ಚಿಯ ಮೇಲಿಟ್ಟು, ಅರ್ಥವಾಗದೆ ನನ್ನ ಮುಖ ನೋಡಿದಳು. ಸುತ್ತ ಜನ ಕೋಟು ತೊಟ್ಟುಕೊಳ್ಳುತ್ತಿದ್ದರು. ನಾನು ಮೊದಲಿನಿಂದ ಹೇಳತೊಡಗಿದೆ.